ವರ್ಕ್‌ಶಾಪಿಗೆ ಹೋಗಲಾ, ಲೆನ್ಸ್ ತಗೊಳ್ಳಲಾ? ಫೋಟೋಗ್ರಫಿ ಪ್ರಶ್ನೋತ್ತರ

ಈ ಸಲ ಬಂದ ಪತ್ರಗಳಲ್ಲಿ ಮಲೆನಾಡಿನವೇ ಜಾಸ್ತಿ. ನಾನೂ ಶಿವಮೊಗ್ಗದಲ್ಲಿ ಇಪ್ಪತ್ತೈದು ವರ್ಷದಿಂದ ಸ್ಟುಡಿಯೋ ನಡೆಸುತ್ತಿರುವವನು. ಹಾಗಾಗಿ ಪತ್ರ ಓದುವಾಗ ಆ ಮದುವೆ ಮನೆ, ಆ ಮಳೆ, ದುಡ್ಡು ಬಾಕಿ ಉಳಿಸಿಕೊಂಡ ಆ ಗಿರಾಕಿ, ಎಲ್ಲ ಕಣ್ಣ ಮುಂದೆ ಬರುತ್ತದೆ. ಕೆಲವಕ್ಕೆ ಉದ್ದ ಉತ್ತರ ಬರೆದಿದ್ದೇನೆ, ಕೆಲವಕ್ಕೆ ನಾಲ್ಕೇ ಮಾತು.

ಪ್ರಶ್ನೆ: ಸರ್, ನನಗೆ 23 ವರ್ಷ. ಬಿ.ಕಾಂ ಮುಗಿಸಿ ಮನೆಯಲ್ಲಿದ್ದೇನೆ. ಮಾವನ ಹಳೇ ಡಿಎಸ್‌ಎಲ್‌ಆರ್ ನನ್ನ ಹತ್ತಿರ ಇದೆ. ಬೆಂಗಳೂರಿನಲ್ಲಿ ಎರಡು ದಿನದ ವೆಡ್ಡಿಂಗ್ ಫೋಟೋಗ್ರಫಿ ವರ್ಕ್‌ಶಾಪ್ ಇದೆ, ಫೀಸು 12,000 ರೂಪಾಯಿ. ಅಡಿಕೆ ಮಾರಿದ ದುಡ್ಡಿನಲ್ಲಿ ಕೊಡುತ್ತೇನೆ ಅಂತ ಅಪ್ಪ ಹೇಳಿದ್ದಾರೆ. ಹೋಗಲಾ? (ಓದುಗರು, ರಿಪ್ಪನ್‌ಪೇಟೆ)

ಈಗ ಬೇಡ. ಆರು ತಿಂಗಳು ಬಿಟ್ಟು ಹೋಗಿ.

ಯಾಕೆ ಅಂತ ಹೇಳುತ್ತೇನೆ. ಶುರುವಿನಲ್ಲಿ ನಾನೂ ಇಂಥದ್ದೊಂದಕ್ಕೆ ಹೋಗಿದ್ದೆ. ಅರವತ್ತು ಜನ, ಒಬ್ಬಳು ಮಾಡೆಲ್, ಎರಡು ದೊಡ್ಡ ಲೈಟು. ಲೈಟು ಅವರೇ ಇಟ್ಟಿದ್ದರು, ಸೆಟಿಂಗ್ ಅವರೇ ಹೇಳಿದರು, ನಾವು ಸಾಲಾಗಿ ಹೋಗಿ ಬಟನ್ ಒತ್ತಿ ಬಂದೆವು. ಅರವತ್ತು ಜನರ ಕ್ಯಾಮೆರಾದಲ್ಲೂ ಒಂದೇ ಫೋಟೋ. ಊರಿಗೆ ಬಂದು ಮೊದಲ ಮದುವೆಗೆ ಹೋದರೆ ಅಲ್ಲಿ ಆ ಲೈಟೂ ಇಲ್ಲ, ಆ ಗೋಡೆಯೂ ಇಲ್ಲ. ಅಡಿಕೆ ಸೋಗೆಯ ಚಪ್ಪರ, ಅದರ ಕೆಳಗೆ ಹಳದಿ ಬಟ್ಟೆ, ಮಧ್ಯೆ ಹೋಮದ ಹೊಗೆ. ಎಲ್ಲರ ಮುಖ ಕಾಮಾಲೆ ಬಂದವರ ಥರ ಹಳದಿ ಬಂತು. ಚಪ್ಪರದ ಬಟ್ಟೆಯ ಬಣ್ಣ ಮುಖದ ಮೇಲೆ ಬೀಳುತ್ತದೆ, ಅದಕ್ಕೆ ವೈಟ್ ಬ್ಯಾಲೆನ್ಸ್, ಅಂದರೆ ಬಿಳಿಯನ್ನು ಬಿಳಿಯಾಗೇ ತೋರಿಸುವ ಸೆಟಿಂಗ್, ಕೈಯಲ್ಲೇ ಸರಿ ಮಾಡಬೇಕು ಅಂತ ಆ ವರ್ಕ್‌ಶಾಪಿನಲ್ಲಿ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ನನಗೆ ತಲೆಗೆ ಹೋಗುತ್ತಿರಲಿಲ್ಲವೇನೋ, ಯಾಕೆಂದರೆ ಆ ತಾಪತ್ರಯ ನಾನಿನ್ನೂ ಅನುಭವಿಸಿರಲಿಲ್ಲ.

ನನಗೆ ನಿಜವಾಗಿ ಕಲಿಸಿದ್ದು ನಮ್ಮೂರಿನ ಒಬ್ಬ ಹಿರಿಯ ಸ್ಟುಡಿಯೋದವರು. ನನ್ನ ಹನ್ನೆರಡು ಪ್ರಿಂಟ್ ಟೇಬಲ್ ಮೇಲೆ ಹರಡಿಕೊಂಡು ಒಂದೊಂದನ್ನೇ ನೋಡಿದರು. "ಮದುಮಗಳ ತಲೆಯಿಂದ ಚಪ್ಪರದ ಕಂಬ ಎದ್ದು ಬಂದಿದೆ, ಕಾಣಲಿಲ್ವಾ? ಇಲ್ಲಿ ಅಪ್ಪ ಕಣ್ಣು ಒರೆಸಿಕೊಳ್ಳುತ್ತಿದ್ದಾನೆ, ನೀನು ಹಾರದ ಫೋಟೋ ತೆಗೆದಿದ್ದೀಯ." ಅರ್ಧ ಗಂಟೆ ಅಷ್ಟೇ. ಆ ಅರ್ಧ ಗಂಟೆಯ ಮಾತು ಇವತ್ತಿಗೂ ವ್ಯೂಫೈಂಡರಿಗೆ ಕಣ್ಣಿಟ್ಟಾಗ ಕಿವಿಯಲ್ಲಿ ಕೇಳುತ್ತದೆ. ನಿಮಗೆ ಈಗ ಬೇಕಾಗಿರುವುದು ಅದು, ನಿಮ್ಮ ಫೋಟೋ ನೋಡಿ ತಪ್ಪು ಹೇಳುವ ಒಬ್ಬ ಮನುಷ್ಯ.

ಅದಕ್ಕೆ ಮೊದಲು ಹೀಗೆ ಮಾಡಿ. ಮಾವನ ಕ್ಯಾಮೆರಾ ಸಾಕು, ಇರುವ ಲೆನ್ಸ್ ಸಾಕು. ನಿಮ್ಮೂರಿನ ಸಂತೆಗೆ ನಾಲ್ಕು ವಾರ ಹೋಗಿ, ಒಂದೇ ಲೆನ್ಸು, ಒಂದೇ ಸಂತೆ. ಮ್ಯಾನ್ಯುವಲ್ ಮೋಡಿನಲ್ಲೇ, ಅಂದರೆ ಬೆಳಕಿನ ಸೆಟಿಂಗ್ ನೀವೇ ಇಟ್ಟು ತೆಗೆಯಿರಿ. ಮೊದಲ ವಾರ ಅರ್ಧಕ್ಕರ್ಧ ಕಪ್ಪಾಗುತ್ತದೆ ಇಲ್ಲವೇ ಬೆಳ್ಳಗಾಗುತ್ತದೆ, ಆಗಲಿ. ನಾಲ್ಕು ವಾರದ ಫೋಟೋಗಳಲ್ಲಿ ಹತ್ತನ್ನು ಮಾತ್ರ ಆರಿಸಿ ಪ್ರಿಂಟ್ ಹಾಕಿಸಿ, ಮೊಬೈಲಿನಲ್ಲಿ ತೋರಿಸಬೇಡಿ. ಆ ಹತ್ತನ್ನು ತೆಗೆದುಕೊಂಡು ಸಾಗರದಲ್ಲೋ ಹೊಸನಗರದಲ್ಲೋ ಶಿವಮೊಗ್ಗದಲ್ಲೋ ನೀವು ಮೆಚ್ಚುವ ಫೋಟೋಗ್ರಾಫರ್ ಹತ್ತಿರ ಹೋಗಿ. ಸೀಸನ್ ಇಲ್ಲದಾಗ, ಆಷಾಢದಲ್ಲಿ ಹೋದರೆ ಕೂರಿಸಿಕೊಂಡು ಮಾತಾಡುತ್ತಾರೆ. ಜೊತೆಗೇ ಕೇಳಿ, ಮದುವೆಗೆ ಲೈಟು ಹಿಡಿಯಲು ಬರಲಾ ಅಂತ. ಹತ್ತು ಮದುವೆಯಲ್ಲಿ ಲೈಟು ಹಿಡಿದರೆ ಧಾರೆಯ ಹೊತ್ತಿಗೆ ಎಲ್ಲಿ ನಿಲ್ಲಬೇಕು, ಪುರೋಹಿತರು ಯಾವಾಗ ಅಡ್ಡ ಬರುತ್ತಾರೆ, ಎಲ್ಲ ತಾನಾಗೇ ಗೊತ್ತಾಗುತ್ತದೆ.

ಇನ್ನು ದುಡ್ಡಿಲ್ಲದೆ ಕಲಿಯುವ ಒಂದು ಜಾಗ ಇದೆ. ಬಹಳ ಜನರಿಗೆ ಗೊತ್ತಿಲ್ಲ. ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ, ಆರ್‌ಸೆಟಿ ಅನ್ನುತ್ತಾರಲ್ಲ, ಅದು. 1982ರಲ್ಲಿ ಉಜಿರೆಯಲ್ಲಿ ರುಡ್‌ಸೆಟಿ ಅಂತ ಶುರುವಾದ ಮಾದರಿ ಇದು, ಈಗ ದೇಶದ ತುಂಬ ಬ್ಯಾಂಕುಗಳು ಜಿಲ್ಲೆಗೊಂದರಂತೆ ನಡೆಸುತ್ತವೆ. ಹಳ್ಳಿಯ ಯುವಕ ಯುವತಿಯರಿಗೆ ಊಟ, ವಸತಿ, ತರಬೇತಿ ಎಲ್ಲ ಉಚಿತ. ಅಲ್ಲಿನ ಕೋರ್ಸುಗಳಲ್ಲಿ ಫೋಟೋಗ್ರಫಿ ಮತ್ತು ವಿಡಿಯೋಗ್ರಫಿಯೂ ಒಂದು, ಸುಮಾರು ಒಂದು ತಿಂಗಳದ್ದು. ವರ್ಷ ಪೂರ್ತಿ ನಡೆಯುವುದಿಲ್ಲ, ಮುಂದಿನ ತಂಡ ಯಾವಾಗ ಅಂತ ನಿಮ್ಮ ಬ್ಯಾಂಕಿನಲ್ಲಿ ವಿಚಾರಿಸಿ ಹೆಸರು ಬರೆಸಿ. ಅಲ್ಲಿ ಲೆಕ್ಕ ಬರೆಯುವುದು, ಗಿರಾಕಿ ಜೊತೆ ಮಾತಾಡುವುದೂ ಹೇಳಿಕೊಡುತ್ತಾರೆ. ಬಿ.ಕಾಂ ಓದಿದವರಿಗೆ ಅದು ಸುಲಭ, ಆದರೂ ಬಿಡಬೇಡಿ.

ಆರು ತಿಂಗಳಾದ ಮೇಲೆ ಆ ವರ್ಕ್‌ಶಾಪಿಗೆ ಹೋಗುವ ಮನಸ್ಸಾದರೆ, ದುಡ್ಡು ಕಟ್ಟುವ ಮೊದಲು ಫೋನ್ ಮಾಡಿ ಕೇಳಿ. ಎಷ್ಟು ಜನ ಇರುತ್ತಾರೆ? ಹದಿನೈದಕ್ಕಿಂತ ಜಾಸ್ತಿ ಇದ್ದರೆ ನಿಮ್ಮ ಮುಖವೂ ಅವರಿಗೆ ನೆನಪಿರುವುದಿಲ್ಲ. ನಾವು ತೆಗೆದ ಫೋಟೋ ನೋಡಿ ತಿದ್ದುತ್ತೀರಾ? ಇದಕ್ಕೆ ಸರಿಯಾದ ಉತ್ತರ ಬರಲಿಲ್ಲ ಅಂದರೆ ಹೋಗಬೇಡಿ. ಸರ್ಟಿಫಿಕೇಟ್ ಕೊಡುತ್ತಾರೆ ಅನ್ನುವುದನ್ನು ಲೆಕ್ಕಕ್ಕೇ ಹಿಡಿಯಬೇಡಿ, ಇಷ್ಟು ವರ್ಷದಲ್ಲಿ ಒಬ್ಬ ಗಿರಾಕಿಯೂ ನನ್ನ ಸರ್ಟಿಫಿಕೇಟ್ ಕೇಳಿಲ್ಲ. ಬೆಂಗಳೂರಿಗೆ ಹೋಗುವುದಾದರೆ 1971ರಿಂದ ನಡೆದು ಬಂದಿರುವ ಯೂತ್ ಫೋಟೋಗ್ರಾಫಿಕ್ ಸೊಸೈಟಿಯ ಕಾರ್ಯಕ್ರಮಗಳ ಮೇಲೂ ಒಂದು ಕಣ್ಣಿಡಿ, ಅಲ್ಲಿ ಸದಸ್ಯರ ಚಿತ್ರಗಳನ್ನು ಇಟ್ಟು ಚರ್ಚೆ ಮಾಡುವ ಪದ್ಧತಿ ಇದೆ.

ಪ್ರಶ್ನೆ: ನನಗೆ 48. ಮಗಳು ಓದಲು ಹೋದ ಮೇಲೆ ಮನೆಯಲ್ಲಿ ಹೊತ್ತು ಹೋಗುವುದಿಲ್ಲ. ಫೋಟೋ ತೆಗೆಯುವುದು ಇಷ್ಟ, ಆದರೆ ನನ್ನ ಹತ್ತಿರ ಇರುವುದು ಮೊಬೈಲ್ ಮಾತ್ರ. ಇದರಲ್ಲೇ ಕಲಿಯಬಹುದಾ? (ಓದುಗರು, ವಿನೋಬನಗರ, ಶಿವಮೊಗ್ಗ)

ಖಂಡಿತ ಕಲಿಯಬಹುದು ಅಕ್ಕ. ಬೆಳಕು ನೋಡುವುದನ್ನು ಕಲಿಯಲು ಮೊಬೈಲೇ ಸಾಕು. ಬೆಳಗ್ಗೆ ಅಡುಗೆ ಮನೆ ಕಿಟಕಿಯ ಪಕ್ಕ ಒಂದು ತಾಮ್ರದ ಚೊಂಬು ಇಡಿ. ಎಂಟು ಗಂಟೆಗೆ ಒಂದು, ಹನ್ನೆರಡಕ್ಕೆ ಒಂದು, ಸಂಜೆ ಐದಕ್ಕೆ ಒಂದು ಫೋಟೋ ತೆಗೆಯಿರಿ. ಚೊಂಬು ಅದೇ, ಜಾಗ ಅದೇ, ಫೋಟೋ ಬೇರೆ ಬೇರೆ. ಬಹಳ ಮೊಬೈಲುಗಳಲ್ಲಿ ಪರದೆಯ ಮೇಲೆ ಚೊಂಬನ್ನು ಮುಟ್ಟಿ ಬೆರಳನ್ನು ಕೆಳಗೆ ಎಳೆದರೆ ಬೆಳಕು ತಗ್ಗುತ್ತದೆ, ಅದನ್ನು ಅಭ್ಯಾಸ ಮಾಡಿ. ಜೂಮ್ ಮಾಡಬೇಡಿ, ಹತ್ತಿರ ಹೋಗಿ.

ಮೈಸೂರಿನ ಫೋಟೋಗ್ರಾಫರ್ ಟಿ.ಎಸ್. ಸತ್ಯನ್ ಅವರ ಕಪ್ಪು ಬಿಳುಪು ಚಿತ್ರಗಳನ್ನು ಹುಡುಕಿ ನೋಡಿ. ಮಕ್ಕಳು, ಹೆಂಗಸರು, ದಾರಿಯಲ್ಲಿ ಹೋಗುವ ಸಾಮಾನ್ಯ ಜನ, ಅಷ್ಟೇ ಇರುವುದು. ಒಂದೊಂದು ಚಿತ್ರದ ಮುಂದೆ ಐದು ನಿಮಿಷ ಕೂತು, ಬೆಳಕು ಯಾವ ಕಡೆಯಿಂದ ಬಂದಿದೆ, ಅವರು ಎಲ್ಲಿ ನಿಂತಿದ್ದರು ಅಂತ ಯೋಚನೆ ಮಾಡಿ. ಇದಕ್ಕೆ ಫೀಸಿಲ್ಲ, ಮತ್ತೆ ನಾನು ಕಂಡ ಬಹಳ ವರ್ಕ್‌ಶಾಪಿಗಿಂತ ಒಳ್ಳೆಯದು.

ಪ್ರಶ್ನೆ: ನಾನು ಸಾಗರದ ಹತ್ತಿರ ಚಿಕ್ಕ ಸ್ಟುಡಿಯೋ ನಡೆಸುತ್ತೇನೆ. ಹೆಣ್ಣುಮಗಳು ಮದುವೆ ಫೋಟೋ ತೆಗೆಯುತ್ತಾಳೆ ಅಂತ ಮೊದಲು ಜನ ನೋಡುತ್ತಿದ್ದರು, ಈಗ ಕೆಲಸ ಬರುತ್ತಿದೆ. ತೊಂದರೆ ರೇಟಿನದ್ದು. ಎರಡು ದಿನದ ಮದುವೆಗೆ ಆಲ್ಬಂ ಸೇರಿ 25,000 ಹೇಳಿದರೂ "ಅಲ್ಲಿ ಕಮ್ಮಿಗೆ ಮಾಡುತ್ತಾರೆ" ಅನ್ನುತ್ತಾರೆ. ವರ್ಷದ ಕೊನೆಗೆ ಕೈಯಲ್ಲಿ ಏನೂ ಉಳಿಯುತ್ತಿಲ್ಲ. (ಓದುಗರು, ಸಾಗರ ತಾಲ್ಲೂಕು)

ಉಳಿಯುವುದಿಲ್ಲ ತಂಗಿ, ಯಾಕೆಂದರೆ 25,000 ನಿಮ್ಮ ಖರ್ಚಿಗೇ ಸರಿಹೋಗುತ್ತದೆ. ಒಂದು ಹಾಳೆ ತಗೊಳ್ಳಿ, ಬರೆಯೋಣ. ಸಂಖ್ಯೆಗಳು ಅಂದಾಜಿನವು, ನಿಮ್ಮದನ್ನು ನೀವು ಹಾಕಿಕೊಳ್ಳಿ.

ಕ್ಯಾಮೆರಾ, ಲೆನ್ಸು, ಫ್ಲಾಶು, ಕಂಪ್ಯೂಟರು ಎಲ್ಲ ಸೇರಿ 4 ಲಕ್ಷ ಅಂತ ಇಟ್ಟುಕೊಳ್ಳಿ. ನಾಲ್ಕು ವರ್ಷ ಬಾಳುತ್ತದೆ. ವರ್ಷಕ್ಕೆ 1 ಲಕ್ಷ ಸವೆಯಿತು. ವರ್ಷಕ್ಕೆ 25 ಮದುವೆ ಮಾಡಿದರೆ ಮದುವೆಗೆ 4,000. ಅಂಗಡಿ ಬಾಡಿಗೆ, ಕರೆಂಟು ತಿಂಗಳಿಗೆ 8,000 ಆದರೆ ಮದುವೆಗೆ 3,840. ಸಹಾಯಕ್ಕೆ ಬರುವ ಹುಡುಗನಿಗೆ ಎರಡು ದಿನಕ್ಕೆ 3,000. ಪೆಟ್ರೋಲು 1,500. ಆಲ್ಬಂ ಪ್ರಿಂಟಿಗೆ 10,000. ಹಾರ್ಡ್ ಡಿಸ್ಕಿಗೆ ಅಂತ ಒಂದು 500. ಕೂಡಿಸಿ, 22,840 ಆಯಿತು. ಉಳಿದದ್ದು 2,160. ಎರಡು ದಿನ ಮದುವೆ ಮನೆಯಲ್ಲಿ ನಿಂತು, ಐದು ದಿನ ಕೂತು ಆರಿಸಿ, ಬಣ್ಣ ತಿದ್ದಿ, ಆಲ್ಬಂ ಡಿಸೈನ್ ಮಾಡಿದ ಏಳು ದಿನದ ಸಂಬಳ ಅದು. ದಿನಕ್ಕೆ 310 ರೂಪಾಯಿಯೂ ಬರಲಿಲ್ಲ. ನಿಮ್ಮೂರಿನಲ್ಲಿ ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡನ ದಿನಗೂಲಿ ಎಷ್ಟು ಅಂತ ನಿಮಗೇ ಗೊತ್ತು. ಅವನ ಕೈಕೆಲಸಕ್ಕೆ ಬೆಲೆ ಇದೆ, ನಿಮ್ಮದಕ್ಕೂ ಇದೆ. ನಿಮ್ಮ ಕೂಲಿ ದಿನಕ್ಕೆ 1,200 ಅಂತ ಹಿಡಿದರೂ ರೇಟು 31,000 ದಾಟಬೇಕು.

ಮುಂದಿನ ಗಿರಾಕಿ ಬಂದಾಗ ಒಂದೇ ರೇಟು ಹೇಳಬೇಡಿ, ಎರಡು ಹೇಳಿ. ಆಲ್ಬಂ ಸೇರಿ ಇಷ್ಟು, ಆಲ್ಬಂ ಇಲ್ಲದೆ ಫೋಟೋ ಮಾತ್ರ ಪೆನ್‌ಡ್ರೈವಿನಲ್ಲಿ ಇಷ್ಟು. ದುಡ್ಡು ಕಮ್ಮಿ ಇರುವವರು ಎರಡನೆಯದನ್ನು ತಗೊಳ್ಳುತ್ತಾರೆ, ನೀವು ನಷ್ಟ ಮಾಡಿಕೊಳ್ಳುವುದು ತಪ್ಪುತ್ತದೆ. "ಅಲ್ಲಿ ಕಮ್ಮಿ" ಅಂದರೆ "ಆಗಲಿ, ಅಲ್ಲೇ ಕೇಳಿ ನೋಡಿ" ಅಂತ ನಗುತ್ತಾ ಹೇಳಿ. ಹೋದವರಲ್ಲಿ ಕೆಲವರು ವಾಪಸ್ ಬರುತ್ತಾರೆ. ಬರದೇ ಇದ್ದವರಿಂದ ನಿಮಗೆ ಏಳು ದಿನ ಉಳಿಯಿತು.

ಹೆಣ್ಣುಮಗಳು ಅನ್ನುವ ಮಾತಿಗೆ ಬರೋಣ. ಮದುಮಗಳ ಕೋಣೆಯೊಳಗೆ ಅಲಂಕಾರ ನಡೆಯುವಾಗ, ಅಮ್ಮ ಮಗಳು ಕಣ್ಣೀರು ಹಾಕುವಾಗ ನಾವು ಗಂಡಸರು ಬಾಗಿಲ ಹೊರಗೆ ನಿಂತಿರುತ್ತೇವೆ. ನೀವು ಒಳಗಿರುತ್ತೀರಿ. ಆ ಫೋಟೋಗಳನ್ನು ಚೆನ್ನಾಗಿ ತೆಗೆದು, ಮನೆಯವರನ್ನು ಕೇಳಿ ಒಪ್ಪಿಗೆ ಪಡೆದು, ಅಂಗಡಿಯಲ್ಲಿ ದೊಡ್ಡದಾಗಿ ಹಾಕಿ. ನಿಮ್ಮ ರೇಟಿಗೆ ಅದೇ ಉತ್ತರ.

ಮತ್ತೆ ಕಾಗದ. ನಮ್ಮ ಕಡೆ ಎಲ್ಲ ಬಾಯಿಮಾತು, "ಅಡಿಕೆ ಮಂಡಿಗೆ ಹೋದ ಮೇಲೆ ಕೊಡುತ್ತೇವೆ" ಅನ್ನುತ್ತಾರೆ. ಸುಳ್ಳು ಹೇಳುವುದಿಲ್ಲ, ಪಾಪ, ನಿಜವಾಗಿಯೂ ದುಡ್ಡು ಆಗಲೇ ಬರುವುದು. ಆದರೆ ಅಡಿಕೆ ರೇಟು ಬಿತ್ತು ಅಂದರೆ ನಿಮ್ಮ ದುಡ್ಡು ಮುಂದಿನ ವರ್ಷಕ್ಕೆ. ಅದಕ್ಕೆ ತಾರೀಖು ಹಿಡಿದ ದಿನವೇ ಸ್ವಲ್ಪ ಅಡ್ವಾನ್ಸ್, ಮದುವೆಯ ಹಿಂದಿನ ದಿನ ಅರ್ಧ, ಆಲ್ಬಂ ಕೊಡುವಾಗ ಉಳಿದದ್ದು ಅಂತ ಕನ್ನಡದಲ್ಲೇ ಒಂದು ಪುಟ ಬರೆದು ಇಬ್ಬರೂ ಸಹಿ ಮಾಡಿ. ಎಷ್ಟು ದಿನದಲ್ಲಿ ಆಲ್ಬಂ, ಎಷ್ಟು ಸಲ ತಿದ್ದುಪಡಿ ಅದೂ ಇರಲಿ. ಇನ್ನೊಂದು ಸಾಲು ಮರೆಯಬೇಡಿ. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ದುಡ್ಡು ಕೊಟ್ಟು ತೆಗೆಸಿದ ಫೋಟೋದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದ್ದು. ಫೋಟೋ ತೆಗೆದದ್ದು ನಾನು, ಹಕ್ಕೂ ನನ್ನದೇ ಅಂತ ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ, ಅದು ತಪ್ಪು. ಅಂಗಡಿಯಲ್ಲಿ, ಇನ್‌ಸ್ಟಾಗ್ರಾಮಿನಲ್ಲಿ ಹಾಕಲು ಒಪ್ಪಿಗೆ ಇದೆ ಅಂತ ಆ ಪುಟದಲ್ಲೇ ಬರೆಸಿಕೊಳ್ಳಿ.

ಮಳೆಗಾಲಕ್ಕೆ ಒಂದು ಮಾತು. ಆಷಾಢ, ಧನುರ್ಮಾಸ, ಗುರು ಶುಕ್ರರು ಮುಳುಗಿರುವ ಮೌಢ್ಯ ಅಂತ ವರ್ಷದಲ್ಲಿ ಎಷ್ಟೋ ದಿನ ಮದುವೆ ಇರುವುದಿಲ್ಲ. ಆಗ ನಿಮ್ಮ ಸುತ್ತಲಿನ ಹೋಂಸ್ಟೇಗಳಿಗೆ ಹೋಗಿ. ಬಹಳ ಹೋಂಸ್ಟೇಗಳ ಫೋಟೋ ಮಧ್ಯಾಹ್ನದ ಬಿಸಿಲಲ್ಲಿ ಮೊಬೈಲಿನಲ್ಲಿ ತೆಗೆದದ್ದು. ಮಳೆ ಸುರಿಯುವಾಗ ಜಗಲಿಯಲ್ಲಿ ಬಿಸಿ ಕಡುಬು, ಹಂಚಿನಿಂದ ಇಳಿಯುವ ನೀರು, ಹಿಂದೆ ತೋಟ. ಅಂಥ ಹತ್ತು ಫೋಟೋ ತೆಗೆದು ತೋರಿಸಿ, ಕೆಲಸ ಕೇಳಬೇಕಾಗಿಲ್ಲ. ಮಳೆಯ ಗೆರೆ ಕಾಣಬೇಕಾದರೆ ಹಿಂದೆ ಕಪ್ಪು ಇರಲಿ, ಶಟರ್ 1/60 ಸೆಕೆಂಡಿನ ಹತ್ತಿರ ಇಡಿ. ಹನಿ ಹನಿಯಾಗಿ ನಿಲ್ಲಬೇಕಾದರೆ 1/500ಕ್ಕಿಂತ ಮೇಲೆ.

ಪ್ರಶ್ನೆ: ಮಳೆಗಾಲ ಮುಗಿಯುವಷ್ಟರಲ್ಲಿ ಲೆನ್ಸಿನ ಒಳಗೆ ಜೇಡರ ಬಲೆಯ ಹಾಗೆ ಏನೋ ಬೆಳೆದಿದೆ. ಒರೆಸಿದರೆ ಹೋಗುತ್ತಿಲ್ಲ. (ಓದುಗರು, ಆಗುಂಬೆ ಹತ್ತಿರ)

ಅದು ಫಂಗಸ್, ಅಂದರೆ ಬೂಸ್ಟು. ಒಳಗಿನ ಗಾಜಿನ ಮೇಲೆ ಇರುವುದರಿಂದ ನೀವು ಒರೆಸಿದರೆ ಹೋಗುವುದಿಲ್ಲ. ಲೆನ್ಸ್ ಬಿಚ್ಚಿ ತೊಳೆಯುವವರಿಗೆ ಕೊಡಬೇಕು, ಬೇಗ ಕೊಡಿ. ತಡ ಮಾಡಿದರೆ ಗಾಜಿನ ಮೇಲಿನ ಕೋಟಿಂಗನ್ನೇ ತಿಂದುಬಿಡುತ್ತದೆ, ಆಮೇಲೆ ತೊಳೆದರೂ ಕಲೆ ಉಳಿಯುತ್ತದೆ. ನನ್ನ ಒಂದು 50 ಎಂಎಂ ಲೆನ್ಸ್ ಹೀಗೇ ಹೋಯಿತು. ಮೊದಲ ಸಂಪಾದನೆಯಲ್ಲಿ ಕೊಂಡದ್ದು, ಇವತ್ತಿಗೂ ಬೇಜಾರಾಗುತ್ತದೆ. ಆ ಲೆನ್ಸನ್ನು ಬೇರೆಯವುಗಳ ಜೊತೆ ಇಡಬೇಡಿ.

ವರ್ಷಕ್ಕೆ 7,000 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಊರಿನಲ್ಲಿ ಇದ್ದೀರಿ. ಒಗೆದ ಬಟ್ಟೆಯೇ ಒಣಗುವುದಿಲ್ಲ, ಚಪ್ಪಲಿಗೂ ಬೂಸ್ಟು ಬರುತ್ತದೆ. ಕ್ಯಾಮೆರಾ ಬ್ಯಾಗಿನಲ್ಲಿ, ಅದರಲ್ಲೂ ಚರ್ಮದ ಕವರಿನಲ್ಲಿ ಇಟ್ಟರೆ ಫಂಗಸ್ಸಿಗೆ ಮನೆ ಕಟ್ಟಿಕೊಟ್ಟ ಹಾಗೆ. ಒಳಗಿನ ತೇವ ತಗ್ಗಿಸಿ ಇಡುವ ಡ್ರೈ ಕ್ಯಾಬಿನೆಟ್ ಕೊಂಡರೆ ಒಳ್ಳೆಯದು. ಆಗದಿದ್ದರೆ ರಬ್ಬರ್ ಅಂಚಿನ, ಗಾಳಿ ಆಡದ ದೊಡ್ಡ ಪ್ಲಾಸ್ಟಿಕ್ ಡಬ್ಬಿ ತಗೊಳ್ಳಿ. ಒಳಗೆ ತೇವ ಹೀರುವ ಸಿಲಿಕಾ ಜೆಲ್ ಹರಳನ್ನು ಬಟ್ಟೆಯಲ್ಲಿ ಕಟ್ಟಿ ಇಡಿ, ಜೊತೆಗೆ ತೇವ ತೋರಿಸುವ ಚಿಕ್ಕ ಮೀಟರ್. ಮೀಟರ್ ಶೇ 40ರಿಂದ 50ರ ಮಧ್ಯೆ ಇರಬೇಕು. 60 ದಾಟಿತು ಅಂದರೆ ಜೆಲ್ ತುಂಬಿದೆ ಅಂತ ಅರ್ಥ, ಬಣ್ಣದ ಜೆಲ್ ಆದರೆ ಅದರ ಬಣ್ಣವೂ ಬದಲಾಗಿರುತ್ತದೆ. ಒವನ್ನಿನಲ್ಲಿ 110-120 ಡಿಗ್ರಿಯಲ್ಲಿ ಒಣಗಿಸಿ ಮತ್ತೆ ಹಾಕಿ. ಡಬ್ಬಿಗೆ ಅಕ್ಕಿ ಹಾಕಿದರೆ ಆಗುತ್ತದೆ ಅಂತ ಹೇಳುತ್ತಾರೆ, ಬೇಡ, ಅಕ್ಕಿಯ ಧೂಳು ಲೆನ್ಸಿಗೆ ಹೋಗುತ್ತದೆ. ಬಚ್ಚಲು ಒಲೆಯ ಹತ್ತಿರ ಬೆಚ್ಚಗಿದೆ ಅಂತ ಅಲ್ಲಿ ಇಡುವವರೂ ಇದ್ದಾರೆ. ಅಲ್ಲಿ ಬಿಸಿಯ ಜೊತೆ ಹಬೆಯೂ ಹೊಗೆಯೂ ಇದೆ, ದಯವಿಟ್ಟು ಇಡಬೇಡಿ. ಮುಖ್ಯವಾಗಿ, ಕ್ಯಾಮೆರಾ ಬಳಸುತ್ತಾ ಇರಿ. ಮೂರು ತಿಂಗಳು ಕತ್ತಲಲ್ಲಿ ಸುಮ್ನೆ ಕೂತ ಲೆನ್ಸಿಗೇ ಇದು ಮೊದಲು ಹಿಡಿಯುವುದು.

ಪ್ರಶ್ನೆ: ಸ್ಟುಡಿಯೋ ಹಾಕಲು ಸಾಲ ಎಲ್ಲಿ ಸಿಗುತ್ತದೆ? (ಓದುಗರು, ಹೊಸನಗರ)

ಮೊದಲು ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ಬರೆಸುವುದು, ಅದನ್ನು ಮಾಡಿಸಿ. ಆಧಾರ್, ಪ್ಯಾನ್ ಇದ್ದರೆ ಸಾಕು, ಸರ್ಕಾರ ಒಂದು ರೂಪಾಯಿಯನ್ನೂ ತಗೊಳ್ಳುವುದಿಲ್ಲ. ಆಮೇಲೆ ನಿಮ್ಮ ಖಾತೆ ಇರುವ ಬ್ಯಾಂಕಿನಲ್ಲಿ ಮುದ್ರಾ ಸಾಲ ಕೇಳಿ. 50,000ದವರೆಗೆ ಶಿಶು, 5 ಲಕ್ಷದವರೆಗೆ ಕಿಶೋರ, 10 ಲಕ್ಷದವರೆಗೆ ತರುಣ, ಇವಕ್ಕೆ ಜಮೀನು ಅಡ ಇಡಬೇಕಾಗಿಲ್ಲ. ದೊಡ್ಡದಾಗಿ ಮಾಡುವುದಾದರೆ ಪಿಎಂಇಜಿಪಿ ಅನ್ನುವ ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಯೋಜನೆಯಲ್ಲಿ ಹಳ್ಳಿಯವರಿಗೆ ಯೋಜನಾ ವೆಚ್ಚದ ಶೇ 25, ಮಹಿಳೆಯರು ಮತ್ತು ಹಿಂದುಳಿದ, ಪರಿಶಿಷ್ಟ ವರ್ಗದವರಿಗೆ ಶೇ 35 ಸಹಾಯಧನ ಇಟ್ಟಿದ್ದಾರೆ. ಅರ್ಜಿ ಹಾಕುವ ಮೊದಲು ಶಿವಮೊಗ್ಗದ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಈ ವರ್ಷದ ನಿಯಮ ಕೇಳಿಕೊಳ್ಳಿ. ಆರ್‌ಸೆಟಿ ತರಬೇತಿಯ ಕಾಗದ ಇದ್ದರೆ ಬ್ಯಾಂಕಿನಲ್ಲಿ ಮಾತು ಸಲೀಸು.

ನನ್ನ ಸ್ವಂತ ಅಭಿಪ್ರಾಯ ಹೇಳಲಾ? ಮೊದಲ ವರ್ಷ ಸಾಲ ಮಾಡಬೇಡಿ. ದೊಡ್ಡ ಲೆನ್ಸನ್ನು ಬಾಡಿಗೆಗೆ ತನ್ನಿ. ಬಾಡಿಗೆ ಕಟ್ಟುವಷ್ಟು ಕೆಲಸ ತಿಂಗಳು ತಿಂಗಳೂ ಬಂತು ಅಂದರೆ ಆಗ ಕಂತು ಕಟ್ಟುವ ಶಕ್ತಿಯೂ ಬಂದಿರುತ್ತದೆ. ಎಡಿಟಿಂಗಿಗೆ ಡಾರ್ಕ್‌ಟೇಬಲ್, ಗಿಂಪ್ ಅನ್ನುವ ಉಚಿತ ಸಾಫ್ಟ್‌ವೇರುಗಳಿವೆ, ಶುರುವಿಗೆ ಅವೇ ಆಯಿತು. ಕಳ್ಳ ಫೋಟೋಶಾಪ್ ಹಾಕಿಸಿಕೊಂಡು ವೈರಸ್ಸಿಗೆ ಯಾರದೋ ಮದುವೆ ಫೋಟೋ ಕಳೆದುಕೊಳ್ಳುವುದು ಬೇಡ. ಹಾರ್ಡ್ ಡಿಸ್ಕ್ ಮಾತ್ರ ಎರಡು ಇರಲಿ, ಒಂದು ಅಂಗಡಿಯಲ್ಲಿ, ಒಂದು ಮನೆಯಲ್ಲಿ.

ಪ್ರಶ್ನೆ: ಮಂಡಗದ್ದೆಯಲ್ಲಿ ಬೆಳ್ಳಕ್ಕಿ ಫೋಟೋ ತೆಗೆದರೆ ಬರೀ ಬಿಳಿ ಚುಕ್ಕೆ ಬರುತ್ತದೆ, ಗರಿಯೇ ಕಾಣುವುದಿಲ್ಲ. (ಓದುಗರು, ತೀರ್ಥಹಳ್ಳಿ)

ತುಂಗೆಯ ನಡುವಿನ ಮರಗಳು ಕಡು ಹಸಿರು, ಹಕ್ಕಿ ಹಾಲಿನಂತೆ ಬಿಳಿ. ಕ್ಯಾಮೆರಾ ಆ ಕಪ್ಪನ್ನು ನೋಡಿ ಬೆಳಕು ಜಾಸ್ತಿ ಮಾಡುತ್ತದೆ, ಬಿಳಿ ಸುಟ್ಟು ಹೋಗುತ್ತದೆ. ಎಕ್ಸ್‌ಪೋಷರ್ ಕಾಂಪನ್ಸೇಷನ್ (ಬೆಳಕು ಹೆಚ್ಚು ಕಮ್ಮಿ ಮಾಡುವ ಸೆಟಿಂಗ್) ಮೈನಸ್ 1ರ ಹತ್ತಿರ ಇಡಿ, ಆಮೇಲೆ ತಿದ್ದಲು ಅನುಕೂಲವಾದ ರಾ ಫೈಲಿನಲ್ಲಿ ತೆಗೆಯಿರಿ. ಹಾರುವ ಹಕ್ಕಿಗೆ ಶಟರ್ 1/1600 ಆದರೂ ಬೇಕು. ಮೋಡ ಇರುವ ದಿನವೇ ಒಳ್ಳೆಯದು.

ಒಂದು ವಿನಂತಿ. ಅಲ್ಲಿ ಅವು ಬರುವುದು ಮಳೆಗಾಲದಲ್ಲಿ ಗೂಡು ಕಟ್ಟಲು. ಹಾರುವ ಫೋಟೋ ಬೇಕು ಅಂತ ಚಪ್ಪಾಳೆ ತಟ್ಟುವವರನ್ನು, ಕಲ್ಲು ಬೀರುವವರನ್ನು ನಾನು ಕಣ್ಣಾರೆ ನೋಡಿದ್ದೇನೆ. ತಾಯಿ ಎದ್ದ ಗಳಿಗೆಯಲ್ಲಿ ಕಾಗೆ ಮೊಟ್ಟೆ ಒಯ್ಯುತ್ತದೆ. ದಡದಲ್ಲೇ ಕೂತು ಕಾಯಿರಿ, ಅವು ಊಟಕ್ಕೆ ಹೋಗಿ ಬರುತ್ತಲೇ ಇರುತ್ತವೆ. ಕಾಡಿನ ವರ್ಕ್‌ಶಾಪ್ ಅಂತ ಕರೆದುಕೊಂಡು ಹೋಗಿ ಹಾವನ್ನೋ ಕಪ್ಪೆಯನ್ನೋ ಹಿಡಿದು ತಂದು ಚೆಂದದ ಕೊಂಬೆಯ ಮೇಲೆ ಇಟ್ಟು ಫೋಟೋ ತೆಗೆಸುವವರಿದ್ದರೆ ಅಲ್ಲಿಂದ ಎದ್ದು ಬನ್ನಿ, ಕಟ್ಟಿದ ದುಡ್ಡು ಹೋದರೂ ಪರವಾಗಿಲ್ಲ.

ಪ್ರಶ್ನೆ: ಮದುವೆಗೆ ಡ್ರೋನ್ ಹಾರಿಸಲು ಲೈಸನ್ಸ್ ಬೇಕಾ? (ಓದುಗರು, ಭದ್ರಾವತಿ)

ದುಡ್ಡು ತಗೊಂಡು ಮಾಡುವ ಕೆಲಸಕ್ಕೆ 250 ಗ್ರಾಂಗಿಂತ ಹೆಚ್ಚು ತೂಕದ ಡ್ರೋನ್ ಹಾರಿಸುವುದಾದರೆ ಬೇಕು. 2021ರ ಡ್ರೋನ್ ನಿಯಮದ ಪ್ರಕಾರ ರಿಮೋಟ್ ಪೈಲಟ್ ಸರ್ಟಿಫಿಕೇಟ್ ಮಾಡಿಸಬೇಕು. ಹತ್ತನೇ ತರಗತಿ ಪಾಸಾಗಿ 18 ತುಂಬಿದ್ದರೆ ಮಾನ್ಯತೆ ಪಡೆದ ತರಬೇತಿ ಕೇಂದ್ರದಲ್ಲಿ ಕೆಲವೇ ದಿನದಲ್ಲಿ ಆಗುತ್ತದೆ. ಡ್ರೋನಿಗೆ ನೋಂದಣಿ ಸಂಖ್ಯೆ, ವಿಮೆ ಬೇರೆ. ಅನುಮತಿ ಕೇಳದೆ ಹಾರಿಸಬಹುದಾದ ಹಸಿರು ವಲಯದಲ್ಲೂ 400 ಅಡಿಗಿಂತ ಮೇಲೆ ಹೋಗುವ ಹಾಗಿಲ್ಲ. ನಿಮಗೆ ಇನ್ನೊಂದು ತೊಡಕಿದೆ. ಶಿವಮೊಗ್ಗದ ಹತ್ತಿರ ಸೋಗಾನೆಯ ವಿಮಾನ ನಿಲ್ದಾಣ 2023ರಲ್ಲಿ ಶುರುವಾದ ಮೇಲೆ ಅದರ ಸುತ್ತಲಿನ ಊರುಗಳಲ್ಲಿ ಮೊದಲಿನ ಹಾಗೆ ಹಾರಿಸಲು ಆಗುವುದಿಲ್ಲ. ಕಲ್ಯಾಣ ಮಂಟಪ ಎಲ್ಲಿದೆ ಅಂತ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನೋಡಿ, ಅನುಮತಿ ಇಲ್ಲದೆ ಹಾರಿಸಬಾರದ ಕೆಂಪೋ ಹಳದಿಯೋ ವಲಯ ಇದ್ದರೆ ಅಡ್ವಾನ್ಸ್ ತಗೊಳ್ಳುವ ಮೊದಲೇ ಮನೆಯವರಿಗೆ ಹೇಳಿಬಿಡಿ. ಮೂರನೇ ಮಹಡಿಯ ತಾರಸಿಯಿಂದ ವೈಡ್ ಲೆನ್ಸಿನಲ್ಲಿ ದಿಬ್ಬಣ ತೆಗೆದರೂ ಚೆಂದವೇ ಬರುತ್ತದೆ, ಆದರೆ ಅದಕ್ಕೆ ತಾರಸಿಯ ಬೀಗದ ಕೈ ಯಾರ ಹತ್ತಿರ ಇದೆ ಅಂತ ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ.